ಹಾಸ್ಯಚಿತ್ರದ ರೂಪಾಂತರ ಮೂಲಕ್ಕೆ ಸಾಟಿಯಾದೀತೇ?

ಒಂದು ಭಾಷೆಯಲ್ಲಿ ಜನರನ್ನು ನಗಿಸಿದ ಚಿತ್ರಕಥೆಯನ್ನು ಮತ್ತೊಂದು ಭಾಷೆಗೆ ಒಯ್ದರೆ ಅಲ್ಲಿಯೂ ಅಷ್ಟೇ ನಗೆ ಹುಟ್ಟೀತೇ ಎಂಬ ಪ್ರಶ್ನೆ ಬೆಂಗಳೂರಿನ ಪ್ರೇಕ್ಷಕನಿಗಿಂತ ಗಡಿಯ ಕನ್ನಡಿಗನಿಗೆ ಹತ್ತಿರದ್ದು. ಬೆಂಗಳೂರಿನವನು ಅನೇಕ ಸಲ ರೂಪಾಂತರವನ್ನೇ ಮೊದಲು ನೋಡುತ್ತಾನೆ. ನಾವು ಹಾಗಲ್ಲ. ಅಕ್ಕಲಕೋಟೆ, ಜತ್ತದವರು ಮರಾಠಿಯಲ್ಲಿಯೂ, ಕಾಸರಗೋಡಿನವರು ಮಲೆಯಾಳದಲ್ಲಿಯೂ, ತಾಳವಾಡಿಯವರು ತಮಿಳಿನಲ್ಲಿಯೂ, ರಾಯದುರ್ಗದವರು ತೆಲುಗಿನಲ್ಲಿಯೂ ಮೂಲವನ್ನು ಮೊದಲೇ ಕಂಡು ನಕ್ಕು ಮುಗಿಸಿರುತ್ತೇವೆ. ಕನ್ನಡ ಚಿತ್ರ ಬರುವ ಹೊತ್ತಿಗೆ ನಾವು ಪ್ರೇಕ್ಷಕರಾಗಿ ಉಳಿದಿರುವುದಿಲ್ಲ, ಪರೀಕ್ಷಕರಾಗಿರುತ್ತೇವೆ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗಿಗೆ ಅಲಿಖಿತ ನಿರ್ಬಂಧವಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. ಅಲ್ಲಿಯವರೆಗೆ ಪರಭಾಷೆಯ ಕಥೆ ಕನ್ನಡ ಮಾತನಾಡಬೇಕಾದರೆ ರೂಪಾಂತರವೊಂದೇ ರಾಜಮಾರ್ಗವಾಗಿತ್ತು.

ಮೂಲವೇ ಮೇಲು, ರೂಪಾಂತರ ಎಂಜಲು ಎಂದು ಸುಲಭವಾಗಿ ಹೇಳಿಬಿಡುವವರುಂಟು. ಅವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಅಮೆರಿಕದ ಚಲನಚಿತ್ರ ಸಂಸ್ಥೆ 2000ದಲ್ಲಿ ತನ್ನ ದೇಶದ ಹಾಸ್ಯಚಿತ್ರಗಳಿಗೆಲ್ಲ ಶ್ರೇಷ್ಠವೆಂದು ಆರಿಸಿದ್ದು ಬಿಲ್ಲಿ ವೈಲ್ಡರ್ ಅವರ 1959ರ ‘ಸಮ್ ಲೈಕ್ ಇಟ್ ಹಾಟ್’ ಚಿತ್ರವನ್ನು. ಅದರ ಕಥೆಯಾದರೋ 1935ರ ಒಂದು ಫ್ರೆಂಚ್ ಚಿತ್ರದಲ್ಲಿ ಹುಟ್ಟಿ, 1951ರಲ್ಲಿ ಜರ್ಮನ್ ಭಾಷೆಗೆ ಹೋಗಿ, ಆಮೇಲೆ ಅಮೆರಿಕ ಸೇರಿದ್ದು. ನಮ್ಮ ಹಿಂದಿಯವರು 1975ರಲ್ಲಿ ಅದನ್ನೇ ‘ರಫೂ ಚಕ್ಕರ್’ ಮಾಡಿದರು. ಮೊಮ್ಮಗನು ಅಜ್ಜನಿಗಿಂತ ಹೆಸರುವಾಸಿಯಾದರೆ ಅದರಲ್ಲಿ ಅಧರ್ಮವೇನೂ ಇಲ್ಲ.

ಹಾಗಾದರೆ ಯಾವ ರೂಪಾಂತರ ಬದುಕುತ್ತದೆ, ಯಾವುದು ಸೊರಗುತ್ತದೆ? ನಮ್ಮ ಕಡೆಯವರಿಗೆಲ್ಲ ಪರಿಚಿತವಾದ ಒಂದು ಕಥೆಯನ್ನು ಹಿಡಿದು ನೋಡೋಣ.

ಬಂಗಾಳದ ಶೈಲೇಶ್ ದೇ ಎಂಬ ಲೇಖಕರ ಕಥೆಯನ್ನು ಹೃಷಿಕೇಶ ಮುಖರ್ಜಿಯವರು 1966ರಲ್ಲಿ ‘ಬೀವೀ ಔರ್ ಮಕಾನ್’ ಎಂಬ ಹಿಂದಿ ಚಿತ್ರವನ್ನಾಗಿಸಿದರು. ಅವಿವಾಹಿತರಿಗೆ ಬಾಡಿಗೆಮನೆ ಸಿಕ್ಕದ ಊರಿನಲ್ಲಿ ಕೆಲವು ಗೆಳೆಯರು ತಮ್ಮೊಳಗೇ ಹೆಂಡಂದಿರ ವೇಷ ಹಾಕಿಕೊಂಡು ಮನೆ ಹಿಡಿಯುವುದು ಕಥೆಯ ಎಳೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 22 ವರ್ಷಗಳ ಮೇಲೆ, 1988ರ ಸೆಪ್ಟೆಂಬರಿನಲ್ಲಿ, ಅದೇ ಎಳೆಯಿಂದ ನೇಯ್ದ ‘ಅಶೀ ಹೀ ಬನವಾ ಬನವೀ’ ಮರಾಠಿಯಲ್ಲಿ ಬಂದಿತು. ನಿರ್ದೇಶನ ಸಚಿನ್, ಚಿತ್ರಕಥೆ-ಸಂಭಾಷಣೆ ವಸಂತ ಸಬನೀಸ. ಅಶೋಕ ಸರಾಫ, ಲಕ್ಷ್ಮೀಕಾಂತ ಬೇರ್ಡೆ, ಸಚಿನ್, ಸಿದ್ಧಾರ್ಥ ರೇ ನಾಲ್ವರು ಗೆಳೆಯರು. ಸೊಲ್ಲಾಪುರದಿಂದ ಸಾಂಗಲಿಯವರೆಗೆ ಅದರ ಮಾತುಗಳನ್ನು ಬಾಯಿಪಾಠ ಹೇಳುವವರು ಇಂದಿಗೂ ಸಿಗುತ್ತಾರೆ.

ಸೋತ ಕಥೆ ಗೆದ್ದದ್ದು ಹೇಗೆ? ನನ್ನ ತಿಳಿವಳಿಕೆಯಂತೆ ಕಾರಣ ವೇಷದಲ್ಲಿಲ್ಲ. ಗಂಡಸು ಸೀರೆ ಉಡುವುದು ಬಾಲಗಂಧರ್ವರ ನಾಡಿಗಾಗಲಿ, ಕಂಪನಿ ನಾಟಕಗಳನ್ನು ಕಂಡ ನಮಗಾಗಲಿ ಹೊಸದಲ್ಲ. ಹಿಂದಿ ಚಿತ್ರದ ಮಾತು ಯಾವ ಊರಿನ ಮಾತೂ ಅಲ್ಲ. ಮರಾಠಿ ಚಿತ್ರದ ಮಾತು ಪುಣೆಯದು. ಬಾಗಿಲಿಗೆ ಖಾರವಾದ ಸೂಚನಾ ಫಲಕಗಳನ್ನು ತೂಗುಹಾಕುವುದರಲ್ಲಿ ಹೆಸರಾದ ಊರು. ಸುಧೀರ ಜೋಶಿಯವರು ಅಭಿನಯಿಸಿದ ಮನೆಯ ಯಜಮಾನ ಸರಪೋತದಾರ ಅಲ್ಲಿಯ ಪ್ರತಿ ಓಣಿಯಲ್ಲಿಯೂ ಇರುವಂತೆ ತೋರುತ್ತಾನೆ. ಬಾಡಿಗೆದಾರನ ಭಯ, ಯಜಮಾನನ ಜಿಪುಣತನ, ಇವೆರಡರ ಮೇಲೆ ಹೊದಿಸಿದ ಸೌಜನ್ಯದ ಭಾಷೆ, ಇವು ಕೂಡಿ ನಗೆಗೆ ನೆಲ ಒದಗಿಸಿವೆ.

ಆ ಸೌಜನ್ಯದ ಭಾಷೆಯಿಂದಲೇ ಒಂದು ಉದಾಹರಣೆ. ಧನಂಜಯ ಮಾನೆ ಯಜಮಾನನಿಂದ ಔಷಧಕ್ಕೆಂದು 70 ರೂಪಾಯಿ ಪಡೆದಿರುತ್ತಾನೆ. ಅದರ ಗತಿಯೇನಾಯಿತೆಂದು ಕೇಳಿದಾಗ ಆ ರೂಪಾಯಿಗಳು ‘ವಾರಲೇ’ ಎಂದುಬಿಡುತ್ತಾನೆ. ಮರಾಠಿಯಲ್ಲಿ ಈ ಕ್ರಿಯಾಪದವನ್ನು ಹಿರಿಯರು ಕಾಲವಾದರೆಂದು ಗೌರವದಿಂದ ಹೇಳುವಾಗ ಬಳಸುತ್ತಾರೆ. ದುಡ್ಡಿಗೆ ಶ್ರದ್ಧಾಂಜಲಿ!

ಈ ಚಿತ್ರ ದೂರದರ್ಶನದಲ್ಲಿ ಬಂದ ಒಂದು ರಾತ್ರಿ ನಮ್ಮ ತಾಯಿ ನನ್ನ ಮಗ್ಗುಲಲ್ಲಿದ್ದರು. ಅಕ್ಕಲಕೋಟೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದರೂ ಅವರ ಮರಾಠಿ ಸಂತೆಯ ವ್ಯವಹಾರಕ್ಕೆ ಮಾತ್ರ ಸಾಲುವಷ್ಟು. ಮನೆಯವರೆಲ್ಲ ಬಿದ್ದುಬಿದ್ದು ನಗುವಾಗ ಅವರು ಏನೆಂದು ಕೇಳಿದರು. ನಾನು, “ಎಪ್ಪತ್ತು ರೂಪಾಯಿ ತೀರಿಕೊಂಡವು ಅಂತಾನವ್ವ” ಎಂದೆ. ಅವರು ಕ್ಷಣ ತಡೆದು, “ಹಂಗಾರ ಅವಕ್ಕ ದಿನಾ ಯಾವಾಗ ಮಾಡ್ತಾರಂತ?” ಎಂದರು. ಮೂಲ ಚಿತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಮಾತದು. ಆಮೇಲೆ ಯೋಚಿಸಿದಾಗ ಹೊಳೆಯಿತು: ಕನ್ನಡದಲ್ಲಿ ಜೀವವೂ ತೀರುತ್ತದೆ, ಕೈಯಲ್ಲಿಯ ಹಣವೂ ತೀರುತ್ತದೆ, ಸಾಲವೂ ತೀರುತ್ತದೆ. ಮರಾಠಿಯ ಮಾತಿಗಿರುವ ಒಂದೇ ಮುಖಕ್ಕೆ ಪ್ರತಿಯಾಗಿ ನಮ್ಮ ಮಾತಿಗೆ ಮೂರು ಮುಖ. ಅಂದರೆ ಈ ನಗೆ ಕನ್ನಡಕ್ಕೆ ಬರುವಾಗ ಬಡವಾಗಬೇಕಾಗಿಲ್ಲ, ಬೆಳೆಯಬಹುದು.

ಬೆಳೆಯದ ಕಡೆಯೂ ಉಂಟು. ಅದೇ ಚಿತ್ರದಲ್ಲಿ ಶಂತನು, ಸೀರೆಯುಟ್ಟ ಪರಶುರಾಮನನ್ನು ಹೆಂಡತಿ ‘ಪಾರ್ವತಿ’ಯೆಂದು ಪರಿಚಯಿಸುವಾಗ ಗಾಬರಿಯಿಂದ ‘ಹೀ’ ಎನ್ನುವಲ್ಲಿ ‘ಹಾ’ ಎಂದೂ, ‘ಮಾಝೀ’ ಎನ್ನುವಲ್ಲಿ ‘ಮಾಝಾ’ ಎಂದೂ ತೊದಲಿಬಿಡುತ್ತಾನೆ. ಮರಾಠಿಯಲ್ಲಿ ‘ಈ’ ಎಂಬ ನಿರ್ದೇಶಕಕ್ಕೂ ‘ನನ್ನ’ ಎಂಬ ಸಂಬಂಧ ಪದಕ್ಕೂ ಲಿಂಗಭೇದವಿದೆ. ಆದ್ದರಿಂದ ನಾಲ್ಕು ಪದಗಳ ವಾಕ್ಯದಲ್ಲಿ ಎರಡು ಕಡೆ ಗುಟ್ಟು ರಟ್ಟಾಗುತ್ತದೆ. ಕನ್ನಡದ ‘ನನ್ನ’ ಎಂಬುದಕ್ಕೆ ಗಂಡು ಹೆಣ್ಣು ಎರಡೂ ಒಂದೇ. ಹಿಂದಿಯ ‘ಯಹ’ ಕೂಡ ಭೇದವೆಣಿಸದು. ಕಥೆ ಹುಟ್ಟಿದ ಬಂಗಾಳಿಯಲ್ಲಂತೂ ಸರ್ವನಾಮಕ್ಕೆ ಲಿಂಗವೇ ಇಲ್ಲ, ಹೀಗೆ ತೊದಲಲು ಅಲ್ಲಿ ಎಡೆಯೇ ಇಲ್ಲ! ಮೂಲಭಾಷೆ ಕೊಡಲಾರದ ನಗೆಯನ್ನು ಮರಾಠಿ ತನ್ನ ವ್ಯಾಕರಣದಿಂದ ತೆಗೆದುಕೊಂಡಿತು. ರೂಪಾಂತರವು ಮೂಲವನ್ನು ಮೀರುವ ಬಗೆ ಇದು. ಮೂಲದ ನಗೆಮಾತನ್ನು ತಂದಿಡುವುದಕ್ಕಿಂತ, ಅದು ಹುಟ್ಟಿದ ಇಕ್ಕಟ್ಟನ್ನು ತಂದು ತನ್ನ ಭಾಷೆ ಅಲ್ಲಿ ಎಲ್ಲಿ ಜಾರುತ್ತದೆಂದು ನೋಡುವುದೇ ರೂಪಾಂತರಕಾರನ ಕೆಲಸ.

ಈ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1991ರಲ್ಲಿ ತೆಲುಗಿನಲ್ಲಿ ‘ಚಿತ್ರಂ ಭಳಾರೆ ವಿಚಿತ್ರಂ’ ಆಯಿತು. 2003ರಲ್ಲಿ ಕನ್ನಡದಲ್ಲಿ ‘ಓಳು ಸಾರ್ ಬರೀ ಓಳು’ ಎಂದು ಬಂದಿತು. 2014ರಲ್ಲಿ ಪಂಜಾಬಿಗೂ ಹೋಯಿತು. ನಮ್ಮ ಓಣಿಯಲ್ಲಿ ಕನ್ನಡದ ಚಿತ್ರದ ಹೆಸರಿಗೆ ಮೆಚ್ಚುಗೆ ಸಿಕ್ಕಿತಾದರೂ ಅದರ ಮಾತನ್ನು ಯಾರೂ ಬಾಯಿಪಾಠ ಹೇಳಲಿಲ್ಲ. ಇದರಲ್ಲಿ ನಮ್ಮ ಪಕ್ಷಪಾತವೂ ಇರಬಹುದು. ಮೊದಲು ನಕ್ಕ ಭಾಷೆಗೆ ಮನಸ್ಸು ಋಣಿಯಾಗಿರುತ್ತದೆ.

ನಟನು ಬದಲಾದಾಗ ನಗೆಯ ಜಾಗ ಬದಲಾಗುವುದಕ್ಕೆ ಮುಖರ್ಜಿಯವರದೇ 1979ರ ‘ಗೋಲ್‌ಮಾಲ್’ ಸಾಕ್ಷಿ. ಮೀಸೆಯಿಲ್ಲದವನಿಗೆ ಶೀಲವಿಲ್ಲವೆಂದು ನಂಬಿದ ಯಜಮಾನ ಉತ್ಪಲ್ ದತ್. ನೌಕರಿಗಾಗಿ ಮೀಸೆಯುಳ್ಳವನೂ ಇಲ್ಲದವನೂ ಆಗಿ ಎರಡು ಪಾತ್ರ ವಹಿಸುವ ಅಮೋಲ್ ಪಾಲೇಕರ್. ಪಾಲೇಕರರು ನೋಡಲು ನಮ್ಮ ಕಚೇರಿಯ ಗುಮಾಸ್ತನಂತೆ. ಅಂಥವನು ಸುಳ್ಳು ಹೇಳಿ ಸಿಕ್ಕಿಬೀಳುವುದೇ ಅಲ್ಲಿಯ ಸೊಗಸು. 1981ರಲ್ಲಿ ಬಾಲಚಂದರ್ ಇದನ್ನು ‘ತಿಲ್ಲು ಮುಲ್ಲು’ ಎಂದು ತಮಿಳಿಗೆ ತಂದಾಗ ನಾಯಕ ರಜನೀಕಾಂತ್. ಹೊಡೆದಾಟದ ವೀರನ ಮೀಸೆ ತೆಗೆಸಿದರೆ ಕಾಣುವ ನಗೆ ಬೇರೆ. ಅವರು ಪಾಲೇಕರರನ್ನು ಅನುಕರಿಸಿದ್ದರೆ ಚಿತ್ರ ಕೆಡುತ್ತಿತ್ತು. ಕನ್ನಡದಲ್ಲಿ 1990ರಲ್ಲಿ ಬಂದ ರೂಪಾಂತರದ ಹೆಸರು ‘ಆಸೆಗೊಬ್ಬ ಮೀಸೆಗೊಬ್ಬ’. ‘ಕೀರ್ತಿಗೊಬ್ಬ ಮಗ, ಆರತಿಗೊಬ್ಬ ಮಗಳು’ ಎಂಬ ನಮ್ಮ ನಾಣ್ಣುಡಿಯ ಜಾಡಿನಲ್ಲಿ ಹುಟ್ಟಿದ ಈ ಹೆಸರು ಹಿಂದಿಯ ಹೆಸರಿಗಿಂತ ನೂರು ಪಾಲು ಚೆಲುವಾದದ್ದು.

ಕನ್ನಡಕ್ಕೆ ಈ ಕಲೆ ಬಾರದೆಂದೇನೂ ಅಲ್ಲ. ಚಿತ್ರರಂಗವನ್ನು ಬಿಟ್ಟು ನಾಟಕವನ್ನು ನೋಡಿದರೆ, ಮೋಲಿಯೇರನ ‘ತಾರ್ತುಫ್’ ಅನ್ನು ಎ. ಎನ್. ಮೂರ್ತಿರಾಯರು ‘ಆಷಾಢಭೂತಿ’ಯನ್ನಾಗಿಸಿದ್ದುಂಟು. ಫ್ರಾನ್ಸಿನ ಕಪಟಭಕ್ತನಿಗೆ ಪಂಚತಂತ್ರದ ಕಪಟಶಿಷ್ಯನ ಹೆಸರಿಟ್ಟಾಗಲೇ ಅರ್ಧ ಕೆಲಸ ಮುಗಿಯಿತು.

ಇದೆಲ್ಲ ನನಗೆ ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳು ಪಾಠವನ್ನು ಕನ್ನಡದಲ್ಲಿ ಓದುತ್ತಾರೆ, ಬಿಡುವಿನಲ್ಲಿ ಮರಾಠಿಯಲ್ಲಿ ನಗುತ್ತಾರೆ. ಕನ್ನಡವೆಂದರೆ ಪರೀಕ್ಷೆಯ ಭಾಷೆ, ನಗೆಯೆಂದರೆ ಬೇರೆ ಭಾಷೆಯದು ಎಂಬ ಭಾವನೆ ಬೇರೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ದಿನ ಹತ್ತನೆಯ ತರಗತಿಯಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ಶಂತನುವಿನ ಆ ತೊದಲನ್ನು ಕನ್ನಡಿಸಿರೆಂದೆ. ಒಬ್ಬ ಹುಡುಗ “ಇವ ನನ್ನ ಹೇಣ್ತಿ” ಎಂದ. ತರಗತಿ ಸ್ವಲ್ಪ ನಕ್ಕಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ನಮ್ಮಲ್ಲಿ ಮರ್ಯಾದಿಲೆ ‘ಇವರು’ ಅಂದ್ರ ಸುಳ್ಳು ಸಿಗೋದs ಇಲ್ರಿ” ಎಂದಳು. ನಿಜ, ಬಹುವಚನದ ಮರೆಯಲ್ಲಿ ಕನ್ನಡ ಎಲ್ಲರನ್ನೂ ಕಾಪಾಡುತ್ತದೆ. ಹಾಗಾದರೆ ನಗೆ ಎಲ್ಲಿಂದ ಬರಬೇಕೆಂದು ಕೇಳಿದೆ. ಅವಳು ತುಸು ಯೋಚಿಸಿ ಹೇಳಿದ್ದು: “ಮಾಲಕ ‘ನಿಮ್ಮ ಮನಿಯವರು ಎಲ್ಲಿ’ ಅಂತ ಕೇಳಬೇಕ್ರಿ. ಇವ, ‘ಮೊದಲು ಮನಿ ಕೊಡ್ರಿ, ಆಮ್ಯಾಲ ಮನಿಯವರು ಬರ್ತಾರ’ ಅನಬೇಕು.”