‘ಇನ್ನೇನೂ ಮಾಡೋಕಾಗಲ್ಲ’ ಅನ್ನೋ ಸುಳ್ಳು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಸೋದರತ್ತೆಯ ಮನೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಮಗ ಹೊರದೇಶದಲ್ಲಿ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಆಸ್ಪತ್ರೆಯೊಂದರಲ್ಲಿ ಕಡೆಯ ಸಲ ತೋರಿಸಿದಾಗ ಡಾಕ್ಟರು ಹೇಳಿದ ಮಾತನ್ನು ನಿಮ್ಮಲ್ಲೂ ಎಷ್ಟೋ ಜನ ಕೇಳಿರ್ತೀರಿ: ‘ಇನ್ನೇನೂ ಮಾಡೋಕಾಗಲ್ಲ. ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ.’

ಚೆನ್ನಾಗಿ ನೋಡ್ಕೊಳ್ಳೋದು ಅಂದ್ರೆ ಹೇಗೆ ಸ್ವಾಮಿ? ಅದನ್ನ ಮಾತ್ರ ಯಾರೂ ಹೇಳಲಿಲ್ಲ.

ಏಜೆನ್ಸಿಯೊಂದರಿಂದ ಒಬ್ಬ ಹುಡುಗೀನ ಕರೆಸಿದೆವು. ಇಪ್ಪತ್ತೊಂದು ವರ್ಷ ಇರಬಹುದು. ಒಳ್ಳೆಯ ಹುಡುಗಿ. ಆದರೆ ಅವಳಿಗೆ ಕಲಿಸಿದ್ದು ಇಷ್ಟೇ: ಮೈ ಒರೆಸು, ಊಟ ಮಾಡಿಸು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡು. ಒಂದು ರಾತ್ರಿ ನಾನು ಅಲ್ಲೇ ಇದ್ದೆ. ಎರಡು ಗಂಟೆಗೆ ಅತ್ತೆ ನೋವಿನಿಂದ ಕೂಗಿಕೊಂಡರು. ಆ ಹುಡುಗಿ ಅವರ ಕೈ ಹಿಡಿದುಕೊಂಡು ತಾನೂ ಅಳುತ್ತಾ ಕೂತಳು. ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು ಮಂತ್ರಿಗಳನ್ನ ಪ್ರಶ್ನೆ ಕೇಳೋ ನಾನು, ಬಾಗಿಲ ಹತ್ತಿರ ಕಂಬದ ಹಾಗೆ ನಿಂತಿದ್ದೆ.

ಆಮೇಲೆ ಪರಿಚಯದವರೊಬ್ಬರು ಹೇಳಿದ್ರು, ‘ಪ್ಯಾಲಿಯೇಟಿವ್ ಕೇರ್‌ನವರನ್ನ ಕೇಳಿ ನೋಡಿ’ ಅಂತ. ಕನ್ನಡದಲ್ಲಿ ಉಪಶಮನ ಆರೈಕೆ ಅಂತಾರೆ. ಕಾಯಿಲೆ ವಾಸಿಯಾಗದೇ ಇರಬಹುದು, ಆದರೆ ಕಾಯಿಲೆ ಕೊಡೋ ನರಳಾಟವನ್ನ ಇಳಿಸಬಹುದು ಅನ್ನೋದು ಇದರ ತಿರುಳು. ಇದು ಕ್ಯಾನ್ಸರಿಗೆ ಮಾತ್ರ ಅಲ್ಲ. ಕಿಡ್ನಿ ಸೋತವರು, ಹೃದಯ ದುರ್ಬಲವಾದವರು, ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಎಲ್ಲರಿಗೂ ಬೇಕು. ಕಡೆಯ ವಾರಕ್ಕೆ ಕಾಯಬೇಕಾಗಿಯೂ ಇಲ್ಲ. ಚಿಕಿತ್ಸೆಯ ಜೊತೆಜೊತೆಗೇ ಶುರು ಮಾಡಬಹುದು.

ಈ ವಿದ್ಯೆಗೆ ಈಗಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಆಕೆ ಹೇಳಿದ್ದು, ನೋವು ಅಂದ್ರೆ ಬರೀ ಮೈ ನೋವಲ್ಲ. ಮನಸ್ಸಿನದ್ದು, ಸಂಸಾರದ್ದು, ಸಾವಿನ ಭಯದ್ದು ಎಲ್ಲ ಸೇರಿ ಒಂದೇ ನೋವಾಗುತ್ತೆ ಅಂತ. ನಮ್ಮತ್ತೆಗೆ ಮೂಳೆಯ ನೋವಿತ್ತು. ಮಗ ಬರೋ ಹೊತ್ತಿಗೆ ತಾನಿರ್ತೀನೋ ಇಲ್ಲವೋ ಅನ್ನೋ ನೋವೂ ಇತ್ತು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡೋದು ಹೇಗೆ?

ಮನೆಗೇ ಬಂದು ನೋಡೋ ತಂಡದ ನರ್ಸ್ ಒಬ್ಬರು ಬಂದರು. ಮೊದಲು ಕೇಳಿದ್ದು, ‘ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಅಂಕ ಕೊಡ್ತೀರಿ?’ ಅತ್ತೆ ಮೇಷ್ಟ್ರ ಥರಾನೇ ಯೋಚನೆ ಮಾಡಿ ‘ಒಂಬತ್ತು’ ಅಂದ್ರು. ಅಷ್ಟು ತಿಂಗಳಲ್ಲಿ ಅವರ ನೋವನ್ನ ಅಳೆದವರು ಅವರೇ ಮೊದಲು.

ಆಮೇಲೆ ಆ ನರ್ಸ್ ನಮ್ಮ ಹುಡುಗೀನ ಪಕ್ಕದಲ್ಲಿ ಕೂರಿಸ್ಕೊಂಡ್ರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ರೆ ಬೆನ್ನು ಹುಣ್ಣಾಗೋದನ್ನ ಬಹುಮಟ್ಟಿಗೆ ತಡೀಬಹುದು. ಹಾಸಿಗೆ ಮೇಲೆ ಎಳೆದಾಡಬಾರದು, ಬಟ್ಟೆ ಸಮೇತ ಎತ್ತಿ ಸರಿಸಬೇಕು. ಗಾಯ ವಾಸನೆ ಬರ್ತಿದ್ರೆ ಡಾಕ್ಟರು ಹೇಳಿದ ಹಾಗೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಹಾಕಿದ್ರೆ ವಾಸನೆ ಇಳಿಯುತ್ತೆ. ಕೆಲವೇ ರೂಪಾಯಿಯ ಮಾತ್ರೆ ಅದು! ವಾಸನೆಗೆ ಹೆದರಿ ಒಳಗೇ ಬರದಿದ್ದ ನೆಂಟರು ಮತ್ತೆ ಮಂಚದ ಪಕ್ಕ ಕೂತು ಮಾತಾಡಿಸಿದ್ರು. ಇದೆಲ್ಲಾ ಹೇಳಿಕೊಡೋಕೆ ಹಿಡಿದಿದ್ದು ಸುಮಾರು ಒಂದು ಗಂಟೆ.

ಇನ್ನು ಮಾರ್ಫಿನ್ ವಿಷಯ. ಹೆಸರು ಕೇಳಿದ ಕೂಡಲೇ ‘ಅಯ್ಯೋ, ಚಟ ಹತ್ತುತ್ತೆ’ ಅಂತೀವಿ. ತರಬೇತಿ ಆದ ಡಾಕ್ಟರು ಸಣ್ಣ ಪ್ರಮಾಣದಿಂದ ಶುರು ಮಾಡಿ ನೋವಿಗೆ ತಕ್ಕ ಹಾಗೆ ಏರಿಸಿದ್ರೆ, ಕ್ಯಾನ್ಸರ್ ನೋವಿಗೆ ಅದು ಸುರಕ್ಷಿತವಾದ ಔಷಧಿ. ಮಲಬದ್ಧತೆ ಮಾತ್ರ ಬಂದೇ ಬರುತ್ತೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮಾತ್ರೆ ಕೊಡ್ತಾರೆ. ಔಷಧಿಗೆ ಅಫೀಮು ಬೆಳೆಯೋ ದೇಶಗಳಲ್ಲಿ ನಮ್ಮದು ಮುಂಚೂಣಿಯಲ್ಲಿದೆ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ, ಲೈಸೆನ್ಸುಗಳ ಕಾಟಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಾರಿ ಸುಲಭವಾಯ್ತು. ಈಗ ಮಾನ್ಯತೆ ಪಡೆದ ಆಸ್ಪತ್ರೆ ಮಾರ್ಫಿನ್ ಇಡಬಹುದು. ಷರತ್ತು ಏನು ಗೊತ್ತಾ? ಅಲ್ಲಿ ನೋವು ನಿವಾರಣೆಯ ತರಬೇತಿ ಪಡೆದ ಡಾಕ್ಟರು ಒಬ್ಬರಾದರೂ ಇರಬೇಕು. ಅಂದ್ರೆ ಬಾಗಿಲಿನ ಬೀಗ ತೆಗೆದಿದೆ, ಒಳಗೆ ಹೋಗೋಕೆ ಕಲಿತವರೇ ಸಾಲದು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಸಿಗ್ತಿರೋದು ನೂರಕ್ಕೆ 14 ಜನಕ್ಕೆ.

ಬಂಡೀಪುರ ದಾಟಿದ್ರೆ ಕೇರಳ. ಅಲ್ಲಿ 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಸಣ್ಣದೊಂದು ಕ್ಲಿನಿಕ್ ಶುರು ಮಾಡಿದ್ರು. ಡಾಕ್ಟರಿಗೆ ಮಾತ್ರ ಕಲಿಸಿ ಸುಮ್ಮನಾಗಲಿಲ್ಲ. ನರ್ಸಿಗೆ ಕಲಿಸಿದ್ರು, ಊರಿನ ಸ್ವಯಂಸೇವಕರಿಗೆ ಕಲಿಸಿದ್ರು. 2008ರಲ್ಲಿ ಕೇರಳ ಸರ್ಕಾರವೇ ಇದಕ್ಕೊಂದು ನೀತಿ ತಂದಿತು. ಈಗ ಪಂಚಾಯಿತಿ ಮಟ್ಟದಲ್ಲೂ ತರಬೇತಾದ ನರ್ಸ್ ಮನೆಮನೆಗೆ ಹೋಗ್ತಾರೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನ ಒಂದು ಪೈಸೆ ತಗೊಳ್ಳದೆ ನೋಡಿಕೊಳ್ತಿದೆ, ಆರೈಕೆ ಮಾಡೋರಿಗೆ ತರಬೇತಿಯನ್ನೂ ಕೊಡುತ್ತೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ ಅದು. ಅದರ ತಂಡ ರೋಗಿಗಳ ಮನೆಗೇ ಹೋಗಿ ಉಪಶಮನ ಆರೈಕೆ ಮಾಡುತ್ತೆ. ಆದರೆ ಮೈಸೂರನ್ನ ನಾವು ಪಿಂಚಣಿದಾರರ ಸ್ವರ್ಗ ಅಂತೀವಲ್ಲಾ, ಈ ಸ್ವರ್ಗದಲ್ಲಿ ಮಕ್ಕಳು ದೂರ ಇರೋ ಮನೆಗಳೆಷ್ಟು, ವೃದ್ಧಾಶ್ರಮಗಳೆಷ್ಟು! ಅಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂರೋರು ಡಾಕ್ಟರಲ್ಲ. ಎಂಟೋ ಹತ್ತೋ ಕ್ಲಾಸು ಓದಿ, ಹೊಟ್ಟೆಪಾಡಿಗೆ ಬಂದ ಹುಡುಗಿಯರು.

2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಆದೇಶ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದ ರೋಗಿಗೆ, ಸುಪ್ರೀಂ ಕೋರ್ಟ್ ಹಾಕಿದ ಕ್ರಮದ ಪ್ರಕಾರ, ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆ ನಿಲ್ಲಿಸೋಕೆ ದಾರಿಯಾಯ್ತು. ಒಳ್ಳೆಯದೇ. ಆದರೆ ಯಂತ್ರ ನಿಲ್ಲಿಸಿದ ಮೇಲೆ ಉಳಿಯೋ ಗಂಟೆಗಳು, ದಿನಗಳು ಇದಾವಲ್ಲ, ಆಗ ಉಸಿರಾಟದ ಸಂಕಟ ಇಳಿಸೋರು ಯಾರು? ಒಣಗಿದ ಬಾಯಿ ಒದ್ದೆ ಮಾಡೋರು ಯಾರು? ಮನೆಯವರಿಗೆ ಸುಳ್ಳೂ ಹೇಳದೆ, ಎದೆ ಒಡೆಯೋ ಹಾಗೂ ಹೇಳದೆ, ನಿಜ ತಿಳಿಸೋರು ಯಾರು? ಆ ಮಾತು ಆಡೋದೂ ಒಂದು ಕಲಿಕೆ. ಘನತೆ ಆದೇಶದ ಹಾಳೆಯಲ್ಲಿ ಬರಲ್ಲ, ಕಲಿತ ಕೈಯಿಂದ ಬರುತ್ತೆ.

ಹಾಗಾಗಿ ನಾನು ಕೇಳೋದು ದೊಡ್ಡ ಕಟ್ಟಡವನ್ನಲ್ಲ. ನರ್ಸಿಂಗ್ ಓದೋ ಪ್ರತಿ ವಿದ್ಯಾರ್ಥಿ ಕೆಲವು ದಿನವಾದರೂ ಇಂಥ ರೋಗಿಗಳ ಮನೆಗೆ ಹೋಗಿ ಬರಲಿ. ಆಶಾ ಕಾರ್ಯಕರ್ತೆಯರಿಗೆ ಕಲಿಸಿ, ಅದಕ್ಕೆ ತಕ್ಕ ಹಣವನ್ನೂ ಕೊಡಿ. ವೃದ್ಧಾಶ್ರಮಕ್ಕೆ, ಹೋಮ್ ನರ್ಸ್ ಏಜೆನ್ಸಿಗೆ ಅನುಮತಿ ಕೊಡೋ ಮೊದಲು ಸಿಬ್ಬಂದಿಗೆ ಈ ತರಬೇತಿ ಆಗಿದೆಯಾ ಅಂತ ನೋಡಿ.

ನೀವೂ ಒಂದು ಕೆಲಸ ಮಾಡಿ. ಅಪ್ಪನನ್ನೋ ಅಮ್ಮನನ್ನೋ ನೋಡ್ಕೊಳ್ಳೋಕೆ ಜನ ಬೇಕು ಅಂತ ಏಜೆನ್ಸಿಗೆ ಫೋನ್ ಮಾಡಿದಾಗ, ತಿಂಗಳಿಗೆ ಎಷ್ಟು ಅಂತ ಕೇಳೋ ಮೊದಲು ‘ಈಕೆಗೆ ಏನು ಕಲಿಸಿದ್ದೀರಿ?’ ಅಂತ ಕೇಳಿ.

ನಮ್ಮತ್ತೆ ಆಮೇಲೆ ಹನ್ನೊಂದು ದಿನ ಇದ್ದರು. ನೋವಿನ ಅಂಕ ಒಂಬತ್ತರಿಂದ ಮೂರಕ್ಕೆ ಇಳಿದಿತ್ತು. ಮಗ ಬಂದ, ಇಬ್ಬರೂ ಮಾತಾಡಿದ್ರು. ಆ ಹುಡುಗಿ ಈಗ ಬೇರೊಂದು ಮನೆಯಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು: ‘ಸಾರ್, ಇಲ್ಲಿ ಅಜ್ಜನಿಗೆ ಬೆನ್ನು ಹುಣ್ಣಾಗಿಲ್ಲ.’