ತೋಟಾ ಮರುಭರ್ತಿ ಮತ್ತು ಗುಂಡಿನ ಎರಕ

ತೋಟಾ ಮರುಭರ್ತಿ ಎಂದರೆ ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಎಸೆಯದೆ, ಅದಕ್ಕೆ ಹೊಸ ಕೇಪು, ಮದ್ದು ಹಾಗೂ ಗುಂಡನ್ನು ಸೇರಿಸಿ ಮತ್ತೆ ಬಳಕೆಗೆ ಸಿದ್ಧಪಡಿಸುವ ಕೆಲಸ. ಗುಂಡನ್ನು ಕೊಳ್ಳುವ ಬದಲು ಸೀಸವನ್ನು ಕರಗಿಸಿ ಅಚ್ಚಿನಲ್ಲಿ ಎರೆದುಕೊಳ್ಳುವುದು ಇದರ ಜೊತೆಗೇ ಬೆಳೆದ ಮತ್ತೊಂದು ಕೈಕಸುಬು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇಟೆಗಾರರೂ ಗುರಿಕಾರರೂ ಇವನ್ನು ಮನೆಯ ಗ್ಯಾರೇಜು, ನೆಲಮಾಳಿಗೆಗಳಲ್ಲಿ ಹವ್ಯಾಸವಾಗಿ ನಡೆಸುತ್ತಾರೆ. ಈ ಲೇಖನವು ಮುಖ್ಯವಾಗಿ ಆ ದೇಶದ ರೂಢಿಯನ್ನು ಕುರಿತದ್ದು.

ತೋಟಾದ ರಚನೆ

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಕೋಶ, ಕೇಪು, ಮದ್ದು ಮತ್ತು ಗುಂಡು. ಕುದುರೆಯ ಪೆಟ್ಟಿಗೆ ಕೇಪು ಸಿಡಿದು ಮದ್ದಿಗೆ ಕಿಡಿ ತಗಲುತ್ತದೆ. ಮದ್ದು ಉರಿದು ಉಂಟಾದ ಅನಿಲ ಗುಂಡನ್ನು ನಳಿಗೆಯಿಂದ ಹೊರದಬ್ಬುತ್ತದೆ. ಕೇಪು, ಮದ್ದು, ಗುಂಡು ಮೂರೂ ಹೋದರೂ ಕೋಶ ಮಾತ್ರ ಉಳಿಯುತ್ತದೆ. ಒತ್ತಡಕ್ಕೆ ಸಿಕ್ಕಿದಾಗ ಹಿತ್ತಾಳೆಯು ಹಿಗ್ಗಿ ಬಂದೂಕಿನ ಕೋಣೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯದ್ದೂ ಕೋಶವೇ. ಮರುಭರ್ತಿಯ ಅರ್ಥಶಾಸ್ತ್ರವೆಲ್ಲ ಇದರ ಮೇಲೆ ನಿಂತಿದೆ.

ಕೋಶವನ್ನು ಮತ್ತೆ ತುಂಬಲು ಎಷ್ಟು ಸುಲಭ ಎಂಬುದು ಕೇಪಿನ ವಿನ್ಯಾಸವನ್ನು ಅವಲಂಬಿಸಿದೆ. 1860ರ ದಶಕದಲ್ಲಿ ಅಮೆರಿಕದ ಹೈರಮ್ ಬರ್ಡನ್ ಮತ್ತು ಬ್ರಿಟಿಷ್ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಬೇರೆ ಬೇರೆಯಾಗಿ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬಾಕ್ಸರ್ ಕೇಪಿನ ಕೋಶಕ್ಕೆ ತಳದ ನಡುವೆ ಒಂದೇ ರಂಧ್ರ. ಒಳಗಿನಿಂದ ಕಡ್ಡಿಯೊಂದನ್ನು ತೂರಿಸಿದರೆ ಹಳೆಯ ಕೇಪು ಉದುರಿಬೀಳುತ್ತದೆ. ಬರ್ಡನ್ ಬಗೆಯ ಕೋಶಕ್ಕೆ ಪಕ್ಕದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಈ ಉಪಾಯ ನಡೆಯದು. ವಿಚಿತ್ರವೆಂದರೆ ಬ್ರಿಟಿಷರವನ ಕೇಪು ಅಮೆರಿಕದಲ್ಲಿಯೂ ಅಮೆರಿಕದವನ ಕೇಪು ಯೂರೋಪಿನಲ್ಲಿಯೂ ನೆಲೆಯೂರಿತು. ಮರುಭರ್ತಿ ಅಮೆರಿಕದಲ್ಲಿ ಮನೆಮಾತಾಗಲು ಈ ಅದಲುಬದಲೂ ಒಂದು ಕಾರಣ.

ಇತಿಹಾಸ

ಬಾಯಿಯಿಂದ ಮದ್ದು ತುಂಬುವ ಬಂದೂಕುಗಳ ಕಾಲದಲ್ಲಿ ಗುಂಡು ಎರೆಯುವುದು ಹವ್ಯಾಸವಾಗಿರದೆ ದಿನದ ಅಗತ್ಯವಾಗಿತ್ತು. ಕೋವಿ ಮಾಡುವವನು ಒಂದೊಂದು ನಳಿಗೆಯನ್ನೂ ಕೈಯಿಂದ ಕೊರೆಯುತ್ತಿದ್ದುದರಿಂದ ಒಂದರ ಅಳತೆ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಅದಕ್ಕೆ ತಕ್ಕ ಅಚ್ಚನ್ನೂ ಕೋವಿಯ ಜೊತೆಗೇ ಕೊಡುವುದು ವಾಡಿಕೆಯಾಗಿತ್ತು. 1804ರಲ್ಲಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವು ತನ್ನ ಮದ್ದನ್ನು ಸೀಸದ ಡಬ್ಬಿಗಳಲ್ಲಿ ಒಯ್ದಿತು. ಡಬ್ಬಿ ಖಾಲಿಯಾದ ಮೇಲೆ ಅದನ್ನೇ ಕರಗಿಸಿದರೆ, ಒಳಗಿದ್ದ ಮದ್ದಿಗೆ ಬೇಕಾಗುವಷ್ಟು ಗುಂಡುಗಳು ದೊರೆಯುತ್ತಿದ್ದವು. ಮದ್ದು ಒದ್ದೆಯಾಗದಂತೆಯೂ ಕಾಯುತ್ತಿದ್ದ ಈ ಡಬ್ಬಿ ಪ್ರಯಾಣಿಕನ ಜಾಣ್ಮೆಗೆ ಒಳ್ಳೆಯ ಉದಾಹರಣೆ.

ಲೋಹದ ತೋಟಾ ಬಂದ ಮೇಲೂ ಈ ರೂಢಿ ಅಳಿಯಲಿಲ್ಲ. 1870ರ ದಶಕದಲ್ಲಿ ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದವರು ಪೇಟೆಯಿಂದ ದೂರದ ಬಯಲಿನಲ್ಲಿ ಬೆಂಕಿ ಹಾಕಿ ಸೀಸ ಕರಗಿಸಿ, ಖಾಲಿ ಕೋಶಗಳನ್ನು ಅಲ್ಲಿಯೇ ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿಯು ಅಚ್ಚುಗಳನ್ನೂ ಮರುಭರ್ತಿಯ ಉಪಕರಣಗಳನ್ನೂ ಮಾರುತ್ತ, ಕೈಪಿಡಿಗಳನ್ನು ಪ್ರಕಟಿಸಿತು. 1925ರಲ್ಲಿ ಅದು ಲೈಮನ್ ಕಂಪನಿಯ ಪಾಲಾಯಿತು. ಎರಡನೆಯ ಮಹಾಯುದ್ಧದ ನಂತರ ಸೇನೆಯಲ್ಲಿ ಉಳಿದ ಮದ್ದು ಅಗ್ಗವಾಗಿ ಮಾರುಕಟ್ಟೆಗೆ ಬಂದಾಗ ಹವ್ಯಾಸಿಗಳ ಸಂಖ್ಯೆ ಏರಿತು.

ಕಾರ್ಖಾನೆಗಳು ಹವ್ಯಾಸಿಗಳಿಂದ ಕಲಿತದ್ದೂ ಉಂಟು. ಐಡಾಹೊ ರಾಜ್ಯದ ಎಲ್ಮರ್ ಕೀತ್ ತನ್ನ .44 ಸ್ಪೆಷಲ್ ರಿವಾಲ್ವರಿಗೆ ತಾನೇ ವಿನ್ಯಾಸಗೊಳಿಸಿದ ಭಾರವಾದ ಸೀಸದ ಗುಂಡನ್ನು ಹಾಕಿ, ಹೆಚ್ಚು ಮದ್ದು ತುಂಬಿ, ಅದರ ಬಗ್ಗೆ ದಶಕಗಳ ಕಾಲ ಪತ್ರಿಕೆಗಳಲ್ಲಿ ಬರೆದನು. ಅವನ ಒತ್ತಾಯದ ಫಲವಾಗಿಯೇ 1955ರಲ್ಲಿ .44 ಮ್ಯಾಗ್ನಮ್ ಹೊರಬಂದಿತು. ಅದಕ್ಕೂ ಮೊದಲು ಅವನು .45 ಅಳತೆಯ ರಿವಾಲ್ವರಿನಲ್ಲಿ ಇಂಥದೇ ಪ್ರಯೋಗ ಮಾಡಿ ಅದನ್ನು ಒಡೆದುಕೊಂಡಿದ್ದನೆಂಬುದನ್ನು ಅವನ ಅಭಿಮಾನಿಗಳು ಮರೆಯಬಾರದು.

ಮರುಭರ್ತಿಯ ಕ್ರಮ

ಹಾರಿಸಿದ ಕೋಶ ಹಿಗ್ಗಿರುತ್ತದೆ. ಮೊದಲು ಅದನ್ನು ಶುಚಿಗೊಳಿಸಿ, ಬಿರುಕುಗಳಿವೆಯೇ ಎಂದು ನೋಡಿ, ಉಕ್ಕಿನ ಅಚ್ಚಿನೊಳಕ್ಕೆ ಸನ್ನೆಯ ಯಂತ್ರದಿಂದ ಒತ್ತಿ ಮೂಲ ಅಳತೆಗೆ ತರುತ್ತಾರೆ. ಹಳೆಯ ಕೇಪು ಆಗಲೇ ಹೊರಬೀಳುತ್ತದೆ. ಬಳಿಕ ಹೊಸ ಕೇಪನ್ನು ಕೂರಿಸಿ, ತೂಗಿದ ಮದ್ದನ್ನು ಸುರಿದು, ಗುಂಡನ್ನು ನಿಗದಿತ ಆಳಕ್ಕೆ ಇಳಿಸುತ್ತಾರೆ. ಪದೇ ಪದೇ ಹಿಗ್ಗಿ ಕುಗ್ಗಿದ ಹಿತ್ತಾಳೆ ಗಡುಸಾಗಿ ಬಾಯಿಯಲ್ಲಿ ಸೀಳು ಬಿಡುವುದರಿಂದ ಕೋಶಕ್ಕೂ ಆಯುಸ್ಸಿನ ಮಿತಿ ಇದೆ.

ಮದ್ದಿನ ತೂಕದ ಮಾನ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ; ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಯಾವ ತೋಟಾಕ್ಕೆ ಯಾವ ಮದ್ದು ಎಷ್ಟು ಎಂಬುದನ್ನು ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕಗಳಿಂದಲೇ ತಿಳಿಯಬೇಕು; ಊಹೆಗೆ ಇಲ್ಲಿ ಎಡೆಯಿಲ್ಲ.

ಅತ್ಯಂತ ಅಪಾಯಕಾರಿ ತಪ್ಪು ಒಂದೇ ಕೋಶಕ್ಕೆ ಎರಡು ಬಾರಿ ಮದ್ದು ಬೀಳುವುದು. ಹಳೆಯ ಕರಿಮದ್ದು ಕೋಶವನ್ನು ತುಂಬಿಕೊಳ್ಳುತ್ತಿದ್ದುದರಿಂದ ಎರಡನೆಯ ಅಳತೆ ಹಿಡಿಸುತ್ತಲೇ ಇರಲಿಲ್ಲ. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಈ ಸ್ವಾಭಾವಿಕ ರಕ್ಷಣೆ ಇಲ್ಲವಾಯಿತು. ಹೊಸ ಮದ್ದಿನ ಶಕ್ತಿ ಹೆಚ್ಚು, ಗಾತ್ರ ಕಡಿಮೆ. ಪಿಸ್ತೂಲಿನ ಅಗಲವಾದ ಕೋಶದ ತಳದಲ್ಲಿ ಅದು ಅಡಗಿ ಕೂರುತ್ತದೆ, ಎರಡು ಪಟ್ಟು ಬಿದ್ದರೂ ಮೇಲಿಂದ ನೋಡಿದವರಿಗೆ ಥಟ್ಟನೆ ತಿಳಿಯದು. ಅಂಥ ತೋಟಾವನ್ನು ಹಾರಿಸಿದರೆ ಬಂದೂಕು ಒಡೆದು ಕೈ, ಕಣ್ಣುಗಳಿಗೆ ಅಪಾಯವಾಗಬಹುದು. ಆದ್ದರಿಂದ ಅನುಭವಿಗಳು ತುಂಬಿದ ಕೋಶಗಳನ್ನು ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ದೀಪ ಹಿಡಿದು ಒಂದೊಂದರ ಒಳಗೂ ಇಣುಕುತ್ತಾರೆ. ಮೇಜಿನ ಮೇಲೆ ಒಂದಕ್ಕಿಂತ ಹೆಚ್ಚು ಬಗೆಯ ಮದ್ದನ್ನು ಇಡುವುದಿಲ್ಲ. ಕೆಲಸದ ನಡುವೆ ಮಾತಿಗೆ ಕೂರುವುದಿಲ್ಲ. ಅನೇಕ ಬಂದೂಕು ತಯಾರಕರು ಮರುಭರ್ತಿ ತೋಟಾದಿಂದಾದ ಹಾನಿಗೆ ಹೊಣೆ ಹೊರುವುದಿಲ್ಲವೆಂದು ಮೊದಲೇ ಸಾರಿರುತ್ತಾರೆ.

ಗುಂಡಿನ ಎರಕ

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶುದ್ಧ ಸೀಸ ಮೃದುವಾದದ್ದು. ವೇಗ ಹೆಚ್ಚಿದಾಗ ಅದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸುತ್ತಾರೆ. ಆಂಟಿಮನಿ ಗಡಸುತನ ಕೊಡುತ್ತದೆ, ತವರದಿಂದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಅಚ್ಚುಮೊಳೆಯ ಲೋಹವೂ ಈ ಮೂರರ ಮಿಶ್ರಣವೇ ಆಗಿದೆ. ಕನ್ನಡದ ಹಳೆಯ ಪುಸ್ತಕಗಳನ್ನು ಮುದ್ರಿಸಿದ ಮೊಳೆಗಳೂ ಈ ಜಾತಿಯವೇ. ಅಮೆರಿಕದ ಪತ್ರಿಕಾ ಕಚೇರಿಗಳು ಲೈನೋಟೈಪ್ ಯಂತ್ರಗಳನ್ನು ಕೈಬಿಟ್ಟಾಗ ಅವುಗಳ ಲೋಹ ಹವ್ಯಾಸಿಗಳ ಕುಲುಮೆ ಸೇರಿತು. ವಾಹನದ ಗಾಲಿಗೆ ಅಂಟಿಸುವ ಸಮತೋಲನದ ತೂಕಗಳು ಮತ್ತೊಂದು ಮೂಲವಾಗಿದ್ದವು. ಈಗ ಸತು, ಉಕ್ಕಿನ ತೂಕಗಳು ಬಂದು ಅದೂ ಬತ್ತುತ್ತಿದೆ.

ಕರಗಿದ ಲೋಹದ ಮೇಲೆ ಕಟ್ಟುವ ಕಿಟ್ಟವನ್ನು ತೆಗೆದು, ಕಾಯಿಸಿದ ಅಚ್ಚಿಗೆ ಎರೆದು, ಆರಿದ ಗುಂಡನ್ನು ಮೆತ್ತನೆಯ ಬಟ್ಟೆಯ ಮೇಲೆ ಉದುರಿಸುತ್ತಾರೆ. ಗುಂಡಿನ ಸುತ್ತಲ ತೋಡುಗಳಿಗೆ ಜೇನುಮೇಣ ಬೆರೆತ ಜಿಡ್ಡನ್ನು ತುಂಬುವುದು ಹಳೆಯ ಪದ್ಧತಿ. ಕುಲುಮೆಯ ಬಳಿ ನೀರು ಸುಳಿಯಬಾರದು: ಒಂದು ಹನಿ ಕರಗಿದ ಸೀಸದ ಕೆಳಗೆ ಸಿಕ್ಕಿ ಆವಿಯಾದರೆ ಲೋಹವೇ ಸಿಡಿದು ಮುಖಕ್ಕೆ ಬರುತ್ತದೆ.

ಸೀಸದ ವಿಷ

ಸುಟ್ಟಗಾಯ ಕಣ್ಣಿಗೆ ಕಾಣುತ್ತದೆ; ಸೀಸದ ವಿಷ ಕಾಣದು. ಬಿಸಿ ಹಿತಮಿತವಾಗಿದ್ದರೆ ಆವಿಗಿಂತ ಕಿಟ್ಟದ ಪುಡಿಯಿಂದಲೂ ಕೋಶ ಶುಚಿಗೊಳಿಸುವಾಗ ಏಳುವ ಧೂಳಿನಿಂದಲೂ ಹೆಚ್ಚು ಅಪಾಯ. ಸಾಮಾನ್ಯ ಕೇಪುಗಳಲ್ಲಿಯೂ ಸೀಸದ ಸಂಯುಕ್ತವಿರುತ್ತದೆ. ಈ ಧೂಳು ಕೈಯಿಂದ ಬಾಯಿಗೂ ಬಟ್ಟೆಯಿಂದ ಮನೆಯೊಳಕ್ಕೂ ಸಾಗುತ್ತದೆ. ಇದರ ಹಾನಿ ಎಲ್ಲರಿಗಿಂತ ಹೆಚ್ಚಾಗಿ ತಟ್ಟುವುದು ಈ ಹವ್ಯಾಸದ ಗಂಧವೇ ಇಲ್ಲದ ಮನೆಯ ಮಕ್ಕಳಿಗೆ. ಬೆಳೆಯುವ ಮೆದುಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ಗೊತ್ತಾಗಿಲ್ಲ. ಅಡುಗೆಮನೆಯ ಒಲೆಯನ್ನೂ ಪಾತ್ರೆಯನ್ನೂ ಎರಕಕ್ಕೆ ಬಳಸಬಾರದು, ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು ಎಂಬ ಸೂಚನೆಗಳು ಇದರಿಂದಲೇ ಬಂದವು.

ಬೇಟೆಯಲ್ಲಿ ಚೂರಾದ ಸೀಸ ಕಾಡುಪ್ರಾಣಿಗಳಿಗೂ ಮುಟ್ಟುತ್ತದೆ. ಕಳೇಬರ ತಿನ್ನುವ ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳ ಸಾವಿಗೆ ಸೀಸವೇ ಪ್ರಮುಖ ಕಾರಣ. 1991ರಿಂದ ಅಮೆರಿಕದಾದ್ಯಂತ ಬಾತುಕೋಳಿ ಮೊದಲಾದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. 2019ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಬಂದೂಕಿನಿಂದ ವನ್ಯಜೀವಿಗಳನ್ನು ಹೊಡೆಯಲು ಸೀಸದ ಗುಂಡನ್ನೇ ಬಳಸುವಂತಿಲ್ಲ.

ಕಾನೂನು

ಅಮೆರಿಕದ ಒಕ್ಕೂಟ ಕಾನೂನಿನಂತೆ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಡ. ಮಾರುವ ವ್ಯವಹಾರಕ್ಕೆ ಬೇಕು. ಭಾರತದಲ್ಲಿ ಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡಿನ ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಕಡ್ಡಾಯ. ಪರವಾನಗಿಯಿಲ್ಲದ ತಯಾರಿಕೆ ಶಿಕ್ಷಾರ್ಹ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ಪ್ರಸಿದ್ಧ ವಿನಾಯಿತಿಯು ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ತಯಾರಿಕೆಯ ನಿಯಮ ಅದರಿಂದ ಸಡಿಲವಾಗುವುದಿಲ್ಲ.