ಕ್ಯಾರವಾನಿನಲ್ಲಿ ಚಳಿಯ ರಾತ್ರಿ: ಬೆಚ್ಚಗಿರಿ, ಕೆಂಡ ಮಾತ್ರ ಒಳಗೆ ಬೇಡ

ಗಲ್ಫ್ ಎಂದಾಗ ನಮ್ಮವರ ಮನಸ್ಸಿಗೆ ಮೊದಲು ಬರುವುದು ಸುಡುವ ಬಿಸಿಲು. ಆದರೆ ಡಿಸೆಂಬರ್, ಜನವರಿ ತಿಂಗಳಲ್ಲಿ ಮರುಭೂಮಿಯಲ್ಲಿ ರಾತ್ರಿ ಕಳೆದವರಿಗೆ ಅಲ್ಲಿಯ ಚಳಿಯೂ ಗೊತ್ತು. ಗಾಳಿಯಲ್ಲಿ ತೇವ ಕಡಿಮೆ, ಆಕಾಶದಲ್ಲಿ ಮೋಡವಿಲ್ಲ. ಹಗಲಿಡೀ ಕಾದ ಮರಳು ಸೂರ್ಯ ಮುಳುಗಿದ ಕೆಲವೇ ಗಂಟೆಗಳಲ್ಲಿ ತಣ್ಣಗಾಗಿಬಿಡುತ್ತದೆ. ಉತ್ತರ ಸೌದಿಯ ತುರೈಫ್, ಅರಾರ್, ಹಾಇಲ್ ಕಡೆ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು.

ಅಲ್ಲಿ ಬಯಲಿನಲ್ಲಿ ಬಿಡಾರ ಹೂಡುವುದೂ ಇದೇ ಕಾಲದಲ್ಲಿ. ಕುವೈತಿನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಇದರ ಋತು. ಹಿಂದೆ ಡೇರೆಗಳಷ್ಟೇ ಕಾಣುತ್ತಿದ್ದ ಕಡೆ ಈಗ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಕ್ಯಾರವಾನ್‌ಗಳೂ ಸಾಲಾಗಿ ನಿಲ್ಲುತ್ತವೆ. ಕರಾವಳಿಯಿಂದ ಹೋಗಿ ಜುಬೈಲ್, ದಮ್ಮಾಮ್, ಕುವೈತ್, ದೋಹಾದಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೂ ವಾರದ ರಜೆಯಲ್ಲಿ ಮರಳುಗಾಡಿಗೆ ಹೋಗುವ ಆಸೆ ಇರುತ್ತದೆ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ತಂದೆ ತಾಯಿಯೂ ಜೊತೆಗಿರಬಹುದು. ಸೆಖೆಯ ಊರಿನಲ್ಲಿ ಬೆಳೆದ ನಮಗೆ ಚಳಿ ಎದುರಿಸುವ ಅಭ್ಯಾಸ ಕಡಿಮೆ. ಆದ್ದರಿಂದ ಹೊರಡುವ ಮುನ್ನ ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು.

ಹೊಗೆಯಿಲ್ಲದ ಕೆಂಡವೇ ಅಪಾಯ

ಹೊರಗೆ ಮಾಂಸ ಸುಟ್ಟು ಮುಗಿದ ಮೇಲೆ ಉಳಿದ ಕೆಂಡವನ್ನು ತಟ್ಟೆಯಲ್ಲಿಟ್ಟು ಒಳಗೆ ತರುವವರಿದ್ದಾರೆ. ಹೊಗೆ ಕಾಣುವುದಿಲ್ಲ, ವಾಸನೆಯಿಲ್ಲ, ಕೋಣೆ ಬೇಗ ಬೆಚ್ಚಗಾಗುತ್ತದೆ. ಇನ್ನೇನು ತೊಂದರೆ ಎಂದುಕೊಳ್ಳುತ್ತಾರೆ. ಆದರೆ ಮಂದವಾಗಿ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಧಾರಾಳವಾಗಿ ಹೊರಬರುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಮಿದುಳು, ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ. ಮಲಗಿದವರು ಎಚ್ಚರವಾಗದೆಯೇ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಗಲ್ಫ್ ದೇಶಗಳ ಸಿವಿಲ್ ಡಿಫೆನ್ಸ್ ಇಲಾಖೆಗಳು ಚಳಿಗಾಲ ಬಂದಾಗಲೆಲ್ಲ ಈ ಬಗ್ಗೆ ಎಚ್ಚರಿಸುತ್ತವೆ. ಆದರೂ ಇಂಥ ಸಾವುಗಳ ಸುದ್ದಿ ನಿಂತಿಲ್ಲ.

ನಮ್ಮ ಅಜ್ಜಿಯಂದಿರು ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಿದ್ದರಲ್ಲ ಎಂದು ಕೆಲವರು ಕೇಳಬಹುದು. ಅದೂ ಅಪಾಯವಿಲ್ಲದ ಪದ್ಧತಿಯಾಗಿರಲಿಲ್ಲ. ಆದರೆ ಹಂಚಿನ ಮಾಡಿನ ಸಂದುಗಳಲ್ಲಿ ಗಾಳಿ ಸದಾ ಓಡಾಡುತ್ತಿತ್ತು. ಕ್ಯಾರವಾನ್ ಹಾಗಲ್ಲ. ಅದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆ. ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಸಾಕು ಎಂಬ ನಂಬಿಕೆಯೂ ತಪ್ಪು.

ಬಖೂರ್ ಹಾಕಲು ಹಚ್ಚಿದ ಇದ್ದಿಲು, ಚಳಿ ಕಾಯಲೆಂದು ಉರಿಸಿದ ಗ್ಯಾಸ್ ಒಲೆ, ಕ್ಯಾರವಾನಿನ ಪಕ್ಕದಲ್ಲೇ ಓಡುವ ಜನರೇಟರ್, ಸ್ಟಾರ್ಟ್ ಮಾಡಿಟ್ಟ ಕಾರು, ಇವೆಲ್ಲದರಿಂದಲೂ ಇದೇ ಅಪಾಯವಿದೆ. ಜನರೇಟರನ್ನು ದೂರದಲ್ಲಿಡಿ. ಅದರ ಹೊಗೆ ಗಾಳಿಯ ಜೊತೆ ಕಿಟಕಿಯ ಕಡೆ ಬರದಂತೆ ನೋಡಿಕೊಳ್ಳಿ.

ಲಕ್ಷಣಗಳನ್ನು ಗುರುತಿಸಿ

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಮಂಕು ಕವಿದಂತಾಗುವುದು ಇದರ ಲಕ್ಷಣಗಳು. ಫ್ಲೂ ಎಂದೋ ರಾತ್ರಿಯ ಊಟ ಒಗ್ಗಲಿಲ್ಲವೆಂದೋ ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಆದರೆ ಇದರಲ್ಲಿ ಜ್ವರ ಬರುವುದಿಲ್ಲ. ಒಳಗಿರುವ ಹಲವರಿಗೆ ಒಟ್ಟಿಗೇ ತೊಂದರೆಯಾಗುತ್ತದೆ, ಹೊರಗೆ ಬಂದರೆ ಸ್ವಲ್ಪ ಹಗುರವೆನಿಸುತ್ತದೆ. ಇಂಥ ಸಂಶಯ ಬಂದ ಕೂಡಲೇ ಎಲ್ಲರನ್ನೂ ಹೊರಗೆ ಕರೆತನ್ನಿ, ಸಹಾಯಕ್ಕೆ ಕರೆ ಮಾಡಿ. ಸೌದಿಯಲ್ಲಿ ರೆಡ್ ಕ್ರೆಸೆಂಟ್ ಸಂಖ್ಯೆ 997, ಕುವೈತಿನಲ್ಲಿ 112, ಕತಾರಿನಲ್ಲಿ 999, ಯುಎಇಯಲ್ಲಿ ಆಂಬುಲೆನ್ಸ್‌ಗೆ 998. ಹೊರಗೆ ಬಂದ ಮೇಲೆ ಆರಾಮವಾಯಿತೆಂದು ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ವಿಷಾನಿಲ ರಕ್ತದಲ್ಲಿ ಸೇರಿದ್ದರೂ ಅದು ಎಲ್ಲ ಸರಿಯಿದೆ ಎಂದೇ ತೋರಿಸಬಹುದು.

ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂಗಡಿಗಳಲ್ಲಿ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಕ್ಯಾರವಾನ್ ಬಾಡಿಗೆಗೆ ಪಡೆಯುವಾಗ ಇದು ಇದೆಯೇ ಎಂದು ಕೇಳಿ, ಗುಂಡಿ ಒತ್ತಿ ಪರೀಕ್ಷಿಸಿ. ಇಲ್ಲದಿದ್ದರೆ ನೀವೇ ಒಂದನ್ನು ಕೊಂಡು ಜೊತೆಗಿಟ್ಟುಕೊಳ್ಳಿ.

ಬೆಚ್ಚಗಾಗುವುದು ಹೇಗೆ?

ಹೊರಗಿನಿಂದಲೇ ಗಾಳಿ ಎಳೆದುಕೊಂಡು, ಹೊಗೆಯನ್ನು ಕೊಳವೆಯ ಮೂಲಕ ಹೊರಗೇ ಬಿಡುವ ಹೀಟರ್ ಕ್ಯಾರವಾನಿಗೆ ತಕ್ಕದ್ದು. ಅದನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ವಿದ್ಯುತ್ ಸಂಪರ್ಕವಿರುವ ಜಾಗದಲ್ಲಾದರೆ ಸಣ್ಣ ವಿದ್ಯುತ್ ಹೀಟರ್ ಸಾಕು. ಆದರೆ ಪರದೆ, ಹಾಸಿಗೆಗಳಿಂದ ಅದು ದೂರವಿರಲಿ. ಮಲಗುವ ಮೊದಲು ಒಳಗನ್ನು ಬೆಚ್ಚಗೆ ಮಾಡಿಕೊಂಡು, ಹೀಟರ್ ಆರಿಸಿ ಮಲಗುವುದು ಕ್ಷೇಮ.

ಶಾಖ ಸೋರಿಹೋಗುವುದು ಕಿಟಕಿ ಮತ್ತು ನೆಲದ ಮೂಲಕ. ಕ್ಯಾರವಾನಿನ ನೆಲ ಮಣ್ಣಿಗೆ ತಾಗಿರುವುದಿಲ್ಲ, ಅಡಿಯಿಂದಲೂ ಗಾಳಿ ಬೀಸುತ್ತದೆ. ಆದ್ದರಿಂದ ನೆಲಕ್ಕೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ. ಮೈಮೇಲೆ ಎರಡು ಕಂಬಳಿ ಹೊದ್ದರೂ ಕೆಳಗೆ ತೆಳು ಹಾಸಿಗೆಯಿದ್ದರೆ ಚಳಿ ಹೋಗುವುದಿಲ್ಲ. ಒಂದು ಕಂಬಳಿಯನ್ನು ಕೆಳಗೂ ಹಾಸಿ. ಒಂದೇ ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕಿದ ತೆಳು ಬಟ್ಟೆಗಳು ಲೇಸು. ಹಗಲಿನಲ್ಲಿ ಬೆವೆತ ಬನಿಯನ್, ಕಾಲುಚೀಲಗಳನ್ನು ಮಲಗುವ ಮುನ್ನ ಬದಲಿಸಿ. ಒದ್ದೆ ಬಟ್ಟೆ ಮೈಯ ಶಾಖವನ್ನು ಕಸಿಯುತ್ತದೆ.

ಗಾಳಿಯ ಕಿಂಡಿ ಮುಚ್ಚಬೇಡಿ

ಚಳಿ ಬರುತ್ತದೆಂದು ಕ್ಯಾರವಾನಿನ ಮೇಲೆ, ಕೆಳಗೆ ಇರುವ ಗಾಳಿಯ ಕಿಂಡಿಗಳಿಗೆ ಬಟ್ಟೆ ತುರುಕುವವರಿದ್ದಾರೆ. ಇದನ್ನು ಎಂದೂ ಮಾಡಬಾರದು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ, ಕೆಳಗಿನ ಕಿಂಡಿಯಿಂದ ಹೊರಹೋಗಬೇಕು. ಇನ್ನೊಂದು ಕಾರಣ ತೇವ. ನಾಲ್ಕೈದು ಜನ ಮಲಗಿದರೆ ಉಸಿರಿನ ನೀರಾವಿಯೇ ಬೆಳಿಗ್ಗೆ ಗೋಡೆ, ಕಿಟಕಿಗಳ ಮೇಲೆ ಹನಿಯಾಗಿ ಇಳಿಯುತ್ತದೆ. ಒಂದು ಕಿಲೋ ಗ್ಯಾಸ್ ಉರಿದರೂ ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಗಾಳಿ ಸೇರುತ್ತದೆ. ಈ ತೇವದಿಂದ ಹಾಸಿಗೆಯ ಅಡಿಯಲ್ಲಿ ಬೂಸ್ಟು ಬೆಳೆದು ಉಬ್ಬಸ ಇರುವವರಿಗೆ ತೊಂದರೆಯಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹನಿಗಳನ್ನು ಒರೆಸಿ, ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಬಾಗಿಲು ತೆರೆದಿಡಿ. ಆದಷ್ಟು ಅಡುಗೆ ಹೊರಗೇ ಆಗಲಿ.

ಮಕ್ಕಳು, ಹಿರಿಯರು

ಎಳೆಯ ಮಗುವಿಗೆ ಮೈಗೊಪ್ಪುವ ಬೆಚ್ಚನೆಯ ಉಡುಪು ಹಾಕಿ. ಮುಖ ಮುಚ್ಚಿಹೋಗುವಂಥ ಸಡಿಲ ಕಂಬಳಿ ಬೇಡ. ಹಿರಿಯರಿಗೆ ಚಳಿ ಬೇಗ ಅರಿವಿಗೆ ಬರುವುದಿಲ್ಲ. ಮಾತು ತೊದಲಿದರೆ, ಮಂಕಾದರೆ, ನಡುಕ ತಾನಾಗಿ ನಿಂತುಹೋದರೆ ಅದು ಅಪಾಯದ ಸೂಚನೆ, ಕೂಡಲೇ ವೈದ್ಯರ ನೆರವು ಬೇಕು. ಸಕ್ಕರೆ ಕಾಯಿಲೆಯವರ ಪಾದಗಳಿಗೆ ಸ್ಪರ್ಶ ತಿಳಿಯದಿರುವುದರಿಂದ ಬಿಸಿನೀರಿನ ಚೀಲ, ಹೀಟರ್ ಹತ್ತಿರವಿಟ್ಟರೆ ಸುಟ್ಟ ಗಾಯವಾದರೂ ಗೊತ್ತಾಗದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಅದನ್ನು ಕಾರಿನಲ್ಲಿ ಬಿಡಬೇಡಿ. ಕಾರ್ಬನ್ ಮಾನಾಕ್ಸೈಡ್ ಗರ್ಭಿಣಿಗಿಂತಲೂ ಗರ್ಭದಲ್ಲಿರುವ ಮಗುವಿಗೆ ಹೆಚ್ಚು ಹಾನಿ ಮಾಡುತ್ತದೆ ಎಂಬುದೂ ನೆನಪಿರಲಿ.

ನೀರು ಮತ್ತು ಶುಚಿತ್ವ

ಚಳಿಯಲ್ಲಿ ಬಾಯಾರಿಕೆ ಕಡಿಮೆ. ಹೊರಗಿನ ಶೌಚಕ್ಕೆ ಹೋಗಲು ಬೇಸರವಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರ ತಡೆದುಕೊಳ್ಳುತ್ತಾರೆ. ಇದು ಮೂತ್ರನಾಳದ ಸೋಂಕಿಗೆ ದಾರಿ. ರಾತ್ರಿ ಜೊತೆಗೆ ಹೋಗಲು ಯಾರಾದರೂ ಇರಲಿ, ಟಾರ್ಚ್ ಕೈಗೆಟಕುವಂತಿರಲಿ. ಕ್ಯಾರವಾನಿನ ಟ್ಯಾಂಕಿಯಲ್ಲಿ ಹಳೆಯ ನೀರಿದ್ದರೆ ಪೂರ್ತಿ ಖಾಲಿ ಮಾಡಿ, ತೊಳೆದು ಹೊಸ ನೀರು ತುಂಬಿ. ಕುಡಿಯುವ ನೀರನ್ನು ಬೇರೆಯೇ ಒಯ್ಯಿರಿ. ರಾತ್ರಿ ಮಲಗುವ ಮುನ್ನ ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಟ್ಟರೆ ಫಜ್ರ್‌ನ ವುಝೂಗೆ ಹಿರಿಯರಿಗೂ ಮಕ್ಕಳಿಗೂ ಅನುಕೂಲ. ವುಝೂ ಆದ ಮೇಲೆ ಕೈಕಾಲು, ಬೆರಳಸಂದುಗಳನ್ನು ಚೆನ್ನಾಗಿ ಒರೆಸಿಕೊಂಡು ಕಾಲುಚೀಲ ಹಾಕಿಕೊಳ್ಳಿ.

ಮಲಗುವ ಮುನ್ನ ಮನೆಯ ಹಿರಿಯರೊಬ್ಬರು ನಾಲ್ಕು ಸಂಗತಿಗಳನ್ನು ನೋಡುವುದನ್ನು ರೂಢಿ ಮಾಡಿಕೊಳ್ಳಲಿ: ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿದೆಯೇ, ಕಿಂಡಿಗಳು ತೆರೆದಿವೆಯೇ, ಅಲಾರಂ ಕೆಲಸ ಮಾಡುತ್ತಿದೆಯೇ, ಹೊರಗಿನ ಕೆಂಡಕ್ಕೆ ನೀರು ಸುರಿದು ಪೂರ್ತಿ ಆರಿಸಲಾಗಿದೆಯೇ. ಇಷ್ಟು ನೋಡಲು ಐದು ನಿಮಿಷವೂ ಬೇಡ.